ಹೂಟಗಳ್ಳಿ ಪ್ಲಾಂಟಲ್ಲಿ ಎಂಟು ವರ್ಷದ ಕೆಲ್ಸ, ಈಗ ರಿಸೈನ್ ಲೆಟರ್ ಬರ್ಕೊಡಿ ಅಂತಿದಾರೆ, ಏನ್ ಮಾಡ್ಲಿ?

ಹೂಟಗಳ್ಳಿ ಶಿಫ್ಟ್:
ಎಲ್ರಿಗೂ ನಮಸ್ಕಾರ. ವಿಷ್ಯ ಅರ್ಜೆಂಟು, ಅದಕ್ಕೆ ನೇರವಾಗಿ ಬರೀತೀನಿ. ನಾನು ಮೈಸೂರಿನ ಹೂಟಗಳ್ಳಿ ಕಡೆ ಒಂದು ಆಟೋ ಪಾರ್ಟ್ಸ್ ಪ್ಲಾಂಟಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಓಡೋ ಮಷಿನ್) ಆಪರೇಟರ್, ಪರ್ಮನೆಂಟ್ ಆಗಿ ಎಂಟು ವರ್ಷ ಚಿಲ್ರೆ ಆಯ್ತು. ಆರ್ಡರ್ ಬಿದ್ದೋಗಿದೆ, ನೈಟ್ ಶಿಫ್ಟ್ ನಿಲ್ಸಿದ್ರು, ಓಟಿ ಅಂತೂ ಇಲ್ವೇ ಇಲ್ಲ. ಈಗ ಒಬ್ಬೊಬ್ರನ್ನೇ ಎಚ್‌ಆರ್ ರೂಮಿಗೆ ಕರ್ದು "ರಿಸೈನ್ ಮಾಡ್ತೀನಿ ಅಂತ ಬರ್ಕೊಡಿ, ಎರಡು ತಿಂಗಳ ಸಂಬಳ ಕೊಡ್ತೀವಿ, ಎಕ್ಸ್‌ಪೀರಿಯನ್ಸ್ ಲೆಟರ್ ಚೆನ್ನಾಗ್ ಕೊಡ್ತೀವಿ, ಇಲ್ಲಾಂದ್ರೆ ಟರ್ಮಿನೇಟ್ ಅಂತ ಹಾಕ್ಬೇಕಾಗತ್ತೆ ಆಮೇಲೆ ಎಲ್ಲೂ ಕೆಲ್ಸ ಸಿಗಲ್ಲ" ಅಂತ ಹೇಳ್ತಿದಾರೆ. ನಮ್ಮ ಲೈನಲ್ಲಿ ಆಗ್ಲೇ ಕೆಲವ್ರು ಸೈನ್ ಹಾಕಿ ಹೋದ್ರು, ನನ್ನ ಸೋಮವಾರ ಕರೀತಾರಂತೆ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 18,000, ಗ್ರಾಸ್ 20,500. ಪರ್ಮನೆಂಟ್ 140 ಜನ ಇದೀವಿ, ಕಾಂಟ್ರಾಕ್ಟ್ ಬೇರೆ. ಯೂನಿಯನ್ ಇಲ್ಲ. ಮನೇಲಿ ಅಮ್ಮಂಗೆ ಶುಗರ್, ಮಗಳು ಎರಡನೇ ಕ್ಲಾಸು, ಸೈಟಿನ ಲೋನ್ ನಡೀತಿದೆ. ಸೈನ್ ಹಾಕ್ಲಾ ಬೇಡ್ವಾ, ತಿಳ್ದೋರು ಹೇಳಿ.

ಮಂಡ್ಯ ಪಾಸ್:
ಸೈನ್ ಹಾಕ್‌ಬ್ಯಾಡ ಕಣಣ್ಣ. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡನ. ಕಾನೂನು ಗೊತ್ತಿರೋರು ಬಂದು ಬರಿಯೋಗಂಟ ಯಾವ ಪೇಪರ್‌ಗೂ ಸೈನ್ ಹಾಕ್‌ಬ್ಯಾಡ.

ಮೇಟಗಳ್ಳಿ ಹಳಬ:
ತಮ್ಮಾ, ನಾನು ಮೇಟಗಳ್ಳಿ ಕಡೆ ಫ್ಯಾಕ್ಟ್ರಿಲಿ ದುಡ್ದು ರಿಟೈರ್ ಆದೋನು, ಯೂನಿಯನ್ ಕಮಿಟಿಲೂ ಇದ್ದೆ. ಮೈಸೂರಿಗೆ ಇದು ಹೊಸದಲ್ಲ, ಯಾದವಗಿರಿ ಐಡಿಯಲ್ ಜಾವಾ ಬೈಕ್ ಫ್ಯಾಕ್ಟ್ರಿ 1996ರಲ್ಲಿ ಬಾಗ್ಲು ಹಾಕ್ದಾಗ ಈ ಊರಿನ ಎಷ್ಟು ಮನೆ ಆ ಬಿಸಿ ಉಂಡ್ವು ಅಂತ ಕಣ್ಣಾರೆ ನೋಡಿದೀನಿ. ಸಾವಧಾನವಾಗಿ ಓದಪ್ಪ, ಸ್ವಲ್ಪ ಉದ್ದ ಆಗತ್ತೆ.

ಕಂಪನಿ ನಿನ್ನನ್ನ ಕಳಿಸೋದಕ್ಕೂ ನೀನಾಗೇ ಬಿಟ್ಟು ಹೋಗೋದಕ್ಕೂ ದುಡ್ಡಲ್ಲಿ ಭಾರೀ ವ್ಯತ್ಯಾಸ ಇದೆ, ಅದಕ್ಕೇ ಅವ್ರು ನಿನ್ನ ಕೈಲಿ ಬರೆಸ್ಕೊಳಕ್ಕೆ ನೋಡ್ತಿರೋದು. ಕೆಲ್ಸ ಇಲ್ಲ ಅಂತ ಕಂಪನಿಯೇ ತೆಗೆದ್ರೆ ಕಾನೂನಲ್ಲಿ ಅದು ರಿಟ್ರೆಂಚ್‌ಮೆಂಟ್. ಮೊದ್ಲು 1947ರ ಕೈಗಾರಿಕಾ ವಿವಾದ ಕಾಯ್ದೆಲಿ ಇತ್ತು, ಈಗ 2025ರ ನವೆಂಬರ್ 21ರಿಂದ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದಿವೆ, ಕೈಗಾರಿಕಾ ಸಂಬಂಧಗಳ ಸಂಹಿತೆ ಅಂತ ಒಂದು, ಅದರಲ್ಲೂ ಈ ಹಕ್ಕು ಉಳ್ಕೊಂಡಿದೆ. ಒಂದು ವರ್ಷ ಸರ್ವೀಸ್ ಆದ ಕಾರ್ಮಿಕನ್ನ ತೆಗೀಬೇಕಾದ್ರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡ್ಬೇಕು ಇಲ್ಲಾ ಆ ತಿಂಗಳ ಸಂಬಳ ಕೊಡ್ಬೇಕು, ಜೊತೆಗೆ ಸರ್ವೀಸಿನ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ಸಂಬಳ ಪರಿಹಾರ, ಸರ್ಕಾರಕ್ಕೂ ತಿಳಿಸ್ಬೇಕು.

ನಿನ್ನ ಲೆಕ್ಕಾನೇ ಹಾಕೋಣ. 18,000ಕ್ಕೆ 15 ದಿನದ್ದು ಹೆಚ್ಚುಕಮ್ಮಿ 9,000, ಎಂಟು ವರ್ಷಕ್ಕೆ 72,000. ನೋಟಿಸ್ ಸಂಬಳ 18,000. ಹೊಸ ಕೋಡಲ್ಲಿ ಮರುಕೌಶಲ್ಯ ನಿಧಿ ಅಂತ ಮಾಡಿದಾರೆ, ಕೆಲ್ಸ ಕಳ್ಕೊಂಡ ಒಬ್ಬೊಬ್ಬ ಕಾರ್ಮಿಕಂಗೂ ಮಾಲೀಕ 15 ದಿನದ ಸಂಬಳ ಅದಕ್ಕೆ ಕಟ್ಬೇಕು, ಅದು 45 ದಿನದೊಳ್ಗೆ ನಿನ್ನ ಅಕೌಂಟಿಗೆ ಬರ್ಬೇಕು, ಇನ್ನೊಂದು 9,000. ಗ್ರಾಚ್ಯುಟಿ, ಅಂದ್ರೆ ಇಷ್ಟು ವರ್ಷ ದುಡ್ದಿದ್ದಕ್ಕೆ ಕೆಲ್ಸ ಬಿಡೋವಾಗ ಕಂಪನಿ ಕೊಡೋ ದುಡ್ಡು, 18,000 ಗುಣಿಸು 15 ಭಾಗಿಸು 26, ಅದನ್ನ ಎಂಟು ವರ್ಷಕ್ಕೆ ಗುಣಿಸಿದ್ರೆ 83,000 ದಾಟತ್ತೆ. ಎಲ್ಲಾ ಸೇರಿ 1,82,000 ಆಯ್ತು. ಉಳಿದಿರೋ ಲೀವ್ ದುಡ್ಡು, ಬೋನಸ್ಸು ಇದಕ್ಕೆ ಸೇರಿಲ್ಲ. ಅವ್ರು ಕೊಡ್ತೀನಿ ಅಂತಿರೋದು ಎರಡು ತಿಂಗಳ ಗ್ರಾಸ್ ಅಂದ್ರೂ 41,000. ಗ್ರಾಚ್ಯುಟಿ ನೀನು ರಿಸೈನ್ ಮಾಡಿದ್ರೂ ಬರೋದೇ, ಐದು ವರ್ಷ ಆಗಿದೆಯಲ್ಲ, ಅದನ್ನ ಆ 41,000ದ ಒಳಗೇ ತುರುಕ್ತಿದಾರಾ ಅಂತ ಮೊದ್ಲು ಕೇಳು.

ಟರ್ಮಿನೇಟ್ ಅಂತ ಹೆದರಿಸೋದಕ್ಕೆ ಕಿವಿಗೊಡ್ಬೇಡ. ಏನಾದ್ರೂ ತಪ್ಪು ಮಾಡಿ ವಿಚಾರಣೆ ನಡ್ಸಿ ಡಿಸ್ಮಿಸ್ ಮಾಡೋದು ಬೇರೆ, ಆರ್ಡರ್ ಇಲ್ಲ ಅಂತ ಜನ ಕಮ್ಮಿ ಮಾಡೋದು ಬೇರೆ. ಎರಡನೇದು ಲೆಟರಲ್ಲಿದ್ರೆ ನಿನ್ನ ಹೆಸ್ರಿಗೆ ಏನೂ ಕಳಂಕ ಇಲ್ಲ. ಇನ್ನೊಂದು, ಅದೇ ಕೆಟಗರಿಲಿ ಕೊನೇಲಿ ಸೇರಿದೋರು ಮೊದ್ಲು ಹೋಗ್ಬೇಕು ಅನ್ನೋದು ಸಾಮಾನ್ಯ ನಿಯಮ. ಎಂಟು ವರ್ಷದೋನ್ನ ತೆಗ್ದು ಎರಡು ವರ್ಷದೋನ್ನ ಇಟ್ಕೊಂಡ್ರೆ ಯಾಕೆ ಅಂತ ಬರ್ದು ಹೇಳ್ಬೇಕು. ತೆಗೆದ ಒಂದು ವರ್ಷದೊಳ್ಗೆ ಮತ್ತೆ ಜನ ತಗೊಂಡ್ರೆ ನಿಂಗೆ ಮೊದ್ಲು ಅವಕಾಶ ಕೊಡ್ಬೇಕು ಅಂತಾನೂ ಇದೆ. ರಿಸೈನ್ ಬರ್ಕೊಟ್ರೆ ಇದ್ಯಾವ್ದೂ ಇಲ್ಲ.

ಹೂಟಗಳ್ಳಿ ಶಿಫ್ಟ್:
ಅಣ್ಣ, ಕೈ ಮುಗೀತೀನಿ. ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ರೂಮಲ್ಲಿ ಕೂರಿಸ್ಕೊಂಡು ಈಗ್ಲೇ ಈಗ್ಲೇ ಅಂದ್ರೆ ಏನ್ ಹೇಳ್ಲಿ? 140 ಜನಕ್ಕೆ ಸರ್ಕಾರದ ಪರ್ಮಿಷನ್ ಬೇಕಲ್ವಾ ಅಂತ ನಮ್ಮ ಸೂಪರ್‌ವೈಸರ್ ಒಬ್ರು ಹೇಳಿದ್ರು.

ಮೇಟಗಳ್ಳಿ ಹಳಬ:
ಪರ್ಮಿಷನ್ ವಿಷ್ಯದಲ್ಲೇ ನಂಗೆ ಹೊಟ್ಟೆ ಉರಿಯೋದು. ಹಳೇ ಕಾಯ್ದೆಲಿ 100 ಇಲ್ಲಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಫ್ಯಾಕ್ಟ್ರಿ ಸರ್ಕಾರದ ಮುಂಚಿತ ಅನುಮತಿ ಇಲ್ದೆ ತೆಗೆಯೋ ಹಾಗಿರ್ಲಿಲ್ಲ. ಹೊಸ ಕೋಡಲ್ಲಿ ಅದನ್ನ 300ಕ್ಕೆ ಏರಿಸಿದಾರೆ. ನಿಮ್ಮಂಥ ಮಧ್ಯದ ಸೈಜಿನ ಫ್ಯಾಕ್ಟ್ರಿಗಳೇ ನಮ್ಮೂರಲ್ಲಿ ಜಾಸ್ತಿ, ಅಲ್ಲಿರೋರೆಲ್ಲ ಆ ರಕ್ಷಣೆಯಿಂದ ಆಚೆ ಬಿದ್ರು. ಇದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. 300 ಇಲ್ಲಾ ಅದಕ್ಕಿಂತ ಹೆಚ್ಚಿದ್ರೆ ಮೂರು ತಿಂಗಳ ನೋಟಿಸ್, ಅನುಮತಿ ಎರಡೂ ಬೇಕು, ಆದ್ರಿಂದ ಒಟ್ಟು ಎಷ್ಟು ಜನ ಕೆಲ್ಸ ಮಾಡ್ತಿದಾರೆ ಅಂತ ಸರಿಯಾಗಿ ತಿಳ್ಕೊ.

ರೂಮಲ್ಲಿ ಜಗಳ ಆಡ್ಬೇಡ, ದನಿ ಏರಿಸ್ಬೇಡ. "ಸಾರ್, ಇದನ್ನ ಮನೆಗೆ ತಗೊಂಡು ಹೋಗಿ ಓದಿ ಹೇಳ್ತೀನಿ, ಒಂದು ಕಾಪಿ ಕೊಡಿ" ಅನ್ನು. ಕಾಪಿ ಕೊಡಲ್ಲ ಅಂದ್ರೆ ಸೈನೂ ಇಲ್ಲ. ಆಚೆ ಬಂದ ತಕ್ಷಣ ಮೇಲ್‌ನಲ್ಲೋ ವಾಟ್ಸಾಪಲ್ಲೋ ಎಚ್‌ಆರ್‌ಗೆ ಒಂದು ಮೆಸೇಜ್ ಹಾಕು: ಇಂಥ ದಿನ ಇಂಥ ಹೊತ್ತಲ್ಲಿ ಕರ್ದು ರಾಜೀನಾಮೆ ಕೇಳಿದ್ರಿ, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲ್ಸಕ್ಕೆ ಸಿದ್ಧ ಇದೀನಿ ಅಂತ. ಮಾರನೇ ದಿನ ಟೈಮಿಗೆ ಸರಿಯಾಗಿ ಗೇಟ್ ಹತ್ರ ಹೋಗು. ಒಳಗ್ ಬಿಡ್ಲಿಲ್ಲ ಅಂದ್ರೆ ಅದನ್ನೂ ಬರ್ದು ಕಳ್ಸು. ಗೈರುಹಾಜರಿ ಅಂತ ನಾಳೆ ತೋರ್ಸಕ್ಕೆ ಅವ್ರಿಗೆ ದಾರಿ ಕೊಡ್ಬೇಡ.

ಕುವೆಂಪುನಗರ ಟೆಸ್ಟರ್:
ಇದನ್ನೆಲ್ಲ ಓದ್ತಾ ಇದ್ರೆ ನಮ್ಮ ಕಥೆನೂ ಇದೇ ಅನ್ಸ್ತಿದೆ, ಕುರ್ಚಿ ಎಸಿ ಬೇರೆ ಅಷ್ಟೇ. ನಾನು ಐಟಿಲಿ ಟೆಸ್ಟಿಂಗ್, ಮೂರು ವರ್ಷ ಆಯ್ತು. ವಿಡಿಯೋ ಕಾಲಲ್ಲಿ ಹದಿನೈದು ನಿಮಿಷ ಮಾತಾಡಿ ಪರ್ಫಾರ್ಮೆನ್ಸ್ ಸರಿ ಇಲ್ಲ, ಪೋರ್ಟಲಲ್ಲಿ ನೀವೇ ರೆಸಿಗ್ನೇಷನ್ ಹಾಕಿ, ಹಾಕ್ಲಿಲ್ಲ ಅಂದ್ರೆ ರಿಲೀವಿಂಗ್ ಲೆಟರ್ ಕಷ್ಟ ಅಂದ್ರು. ಹೋದ ಅಪ್ರೈಸಲ್‌ನಲ್ಲಿ ಒಳ್ಳೇ ರೇಟಿಂಗ್ ಕೊಟ್ಟಿದ್ದು ಇವ್ರೇ. ಐಟಿಯವ್ರಿಗೆ ಈ ಕಾನೂನೆಲ್ಲ ಅನ್ವಯ ಆಗಲ್ಲ ಅಂತ ಟೀಮಲ್ಲಿ ಎಲ್ರೂ ಹೇಳ್ತಾರೆ, ಹೌದಾ?

ಎಚ್‌ಆರ್ ಅಕ್ಕ:
ನಾನು ಹತ್ತು ವರ್ಷದಿಂದ ಎಚ್‌ಆರ್‌ನಲ್ಲೇ ಇದೀನಿ, ಈ ಕಡೆ ಮೇಜಿಂದ ಹೇಳ್ತೀನಿ ಕೇಳಮ್ಮ. ಅನ್ವಯ ಆಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಕಾರ್ಮಿಕ ಅನ್ನೋ ವ್ಯಾಖ್ಯೆಲಿ ಟೆಕ್ನಿಕಲ್ ಕೆಲ್ಸ, ಕ್ಲರಿಕಲ್ ಕೆಲ್ಸ ಎಲ್ಲಾ ಬರತ್ತೆ. ಮ್ಯಾನೇಜರ್ ಆಗಿ ಆಡಳಿತ ನೋಡೋರು ಬರಲ್ಲ, ತಿಂಗಳಿಗೆ 18,000ಕ್ಕಿಂತ ಹೆಚ್ಚು ತಗೊಳೋ ಸೂಪರ್‌ವೈಸರ್ ಬರಲ್ಲ. ನಿನ್ನ ಕಾರ್ಡಲ್ಲಿ ಸೀನಿಯರ್, ಲೀಡ್ ಅಂತ ಏನಿದ್ರೂ ದಿನಾ ನೀನು ಮಾಡೋ ಕೆಲ್ಸ ಯಾವ್ದು ಅಂತ ನೋಡ್ತಾರೆ. ಯಾರಿಗೂ ರಜೆ ಮಂಜೂರು ಮಾಡಲ್ಲ, ಯಾರನ್ನೂ ತೆಗೆಯೋ ಅಧಿಕಾರ ಇಲ್ಲ, ಟೆಸ್ಟ್ ಕೇಸ್ ಬರ್ದು ಓಡಿಸ್ತೀಯ ಅಂದ್ರೆ ನಿನ್ನ ವಾದಕ್ಕೆ ಬಲ ಇದೆ. ಆದ್ರೆ ಆ ಮುಂಚಿತ ಅನುಮತಿ ನಿಯಮ ಫ್ಯಾಕ್ಟ್ರಿ, ಗಣಿ, ತೋಟಗಳಿಗೆ ಮಾತ್ರ, ಐಟಿ ಕಂಪನಿಲಿ ಸಾವಿರ ಜನ ಇದ್ರೂ ಅದು ಬರಲ್ಲ.

ಅದು ಬಿಟ್ಟು ಕರ್ನಾಟಕದ್ದೇ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, ಅದರ 39ನೇ ಸೆಕ್ಷನ್ ಓದ್ಕೊ. ಆರು ತಿಂಗಳು ಸತತ ಕೆಲ್ಸ ಮಾಡಿದ ಎಂಪ್ಲಾಯಿನ ಸಕಾರಣ ಇಲ್ದೆ, ಒಂದು ತಿಂಗಳ ನೋಟಿಸ್ ಇಲ್ಲಾ ಅದರ ಸಂಬಳ ಇಲ್ದೆ ತೆಗೆಯೋ ಹಾಗಿಲ್ಲ. ಕಾರಣ ಸರಿ ಇಲ್ಲ ಅನ್ಸಿದ್ರೆ ಮೇಲ್ಮನವಿ ಹಾಕಕ್ಕೂ ಜಾಗ ಇದೆ.

ಪೋರ್ಟಲಲ್ಲಿ ರೆಸಿಗ್ನೇಷನ್ ಬಟನ್ ಒತ್ಬೇಡ. ಕಾಲ್ ಮುಗಿದ ಮೇಲೆ ಅವತ್ತೇ ಮೇಲ್ ಹಾಕು, "ಇವತ್ತಿನ ಕಾಲಲ್ಲಿ ನೀವು ಹೇಳಿದ್ದು ಇಷ್ಟು, ನಾನು ಸ್ವಇಚ್ಛೆಯಿಂದ ಬಿಡ್ತಿಲ್ಲ" ಅಂತ. ನಿನ್ನ ಆಫರ್ ಲೆಟರ್, ಅಪ್ರೈಸಲ್, ಪೇಸ್ಲಿಪ್, ಫಾರಂ 16 ಇವೆಲ್ಲ ನಿನ್ನ ಸ್ವಂತ ಡಾಕ್ಯುಮೆಂಟು, ಲ್ಯಾಪ್‌ಟಾಪ್ ವಾಪಸ್ ತಗೊಳೋಕ್ ಮುಂಚೆ ಇಳಿಸ್ಕೊ. ಕಂಪನಿ ಕೋಡು, ಕ್ಲೈಂಟ್ ಫೈಲು ಒಂದನ್ನೂ ಮುಟ್ಬೇಡ, ಅದು ಸಿಕ್ರೆ ನಿನ್ನ ಕೇಸೇ ಉಲ್ಟಾ ಆಗತ್ತೆ.

ಇನ್ನೂ ಒಂದು ವಿಷ್ಯ ತುಂಬಾ ಜನ ಮರೀತಾರೆ. ಕಂಪನಿ ಮೆಡಿಕಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೆಲಸದ ಕೊನೇ ದಿನಕ್ಕೇ ಮುಗ್ದೋಗತ್ತೆ. ಅಪ್ಪ ಅಮ್ಮನ್ನ ಅದರಲ್ಲಿ ಸೇರಿಸಿದ್ರೆ ಕೆಲ್ಸದಲ್ಲಿ ಇರೋವಾಗ್ಲೇ ಅದೇ ಇನ್ಶೂರೆನ್ಸ್ ಕಂಪನಿಗೆ ಬರ್ದು ವೈಯಕ್ತಿಕ ಪಾಲಿಸಿಗೆ ಬದಲಾಯಿಸ್ಕೊಳಕ್ಕೆ ಅರ್ಜಿ ಹಾಕು. ಹಳೇ ಕಾಯಿಲೆಗೆ ಕಾಯೋ ಅವಧಿ ಮತ್ತೆ ಮೊದಲಿಂದ ಶುರು ಆಗದಿರೋ ಹಾಗೆ ಮಾಡ್ಕೊಳಕ್ಕೆ ಅದೇ ದಾರಿ.

ಕುವೆಂಪುನಗರ ಟೆಸ್ಟರ್:
ಥ್ಯಾಂಕ್ಸ್ ಅಕ್ಕ. ನಮ್ಮ ಟೀಮಲ್ಲೇ ಇನ್ನೊಬ್ಬಳು ಐದು ತಿಂಗಳ ಗರ್ಭಿಣಿ, ಅವಳಿಗೂ ಇದೇ ಕಾಲ್ ಬಂದಿದೆ. ಅತ್ತು ಅತ್ತು ಸಾಕಾಗಿದಾಳೆ.

ಎಚ್‌ಆರ್ ಅಕ್ಕ:
ಅವಳಿಗೆ ಇವತ್ತೇ ಹೇಳು. ಹೆರಿಗೆ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲ್ಸ ಮಾಡಿದ್ರೆ ಹೆರಿಗೆ ಸೌಲಭ್ಯಕ್ಕೆ ಅರ್ಹಳು, ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳ. ಹೆರಿಗೆ ರಜೇಲಿ ಇರೋವಾಗ ತೆಗೆಯೋದು ಕಾನೂನುಬಾಹಿರ, ಗರ್ಭಿಣಿ ಆಗಿರೋವಾಗ ತೆಗೆದ್ರೂ ಆ ಕಾರಣಕ್ಕೆ ಹೆರಿಗೆ ಸೌಲಭ್ಯ ತಪ್ಪಿಸಕ್ಕೆ ಆಗಲ್ಲ. ಗರ್ಭಿಣಿ ಅನ್ನೋದನ್ನ ಡಾಕ್ಟರ್ ಸರ್ಟಿಫಿಕೇಟ್ ಜೊತೆ ಮೇಲ್‌ನಲ್ಲಿ ಈಗ್ಲೇ ತಿಳಿಸ್ಲಿ, ತಮಗೆ ಗೊತ್ತೇ ಇರ್ಲಿಲ್ಲ ಅಂತ ನಾಳೆ ಯಾರೂ ಹೇಳೋ ಹಾಗಿರ್ಬಾರ್ದು.

ಹೆಬ್ಬಾಳ ವರ್ಕ್‌ಶಾಪ್:
ನಾನು ಮಾಲೀಕನ ಕಡೆಯೋನು, ಬೈಬೇಡಿ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಲಿ ಚಿಕ್ಕ ಮಷಿನ್ ಶಾಪ್ ಇದೆ, ಇಪ್ಪತ್ತೆರಡು ಜನ. ದೊಡ್ಡ ಕಂಪನಿ ಆರ್ಡರ್ ನಿಲ್ಸಿದ್ರೆ ನಮ್ಗೆ ಹಿಂದಿನ ಬಿಲ್ಲೇ ತಿಂಗಳುಗಟ್ಲೆ ಬರಲ್ಲ, ಕರೆಂಟ್ ಬಿಲ್ಲು, ಮಷಿನ್ ಲೋನ್ ಮಾತ್ರ ತಾರೀಕಿಗೆ ಸರಿಯಾಗಿ ಬರತ್ತೆ. ಎಲ್ಲಾ ಮಾಲೀಕರೂ ಮೋಸ ಮಾಡಕ್ಕೆ ಕೂತಿರ್ತಾರೆ ಅನ್ನೋ ಹಾಗೆ ಮಾತಾಡ್ಬೇಡಿ. ನಾನು ಹುಡುಗರನ್ನೆಲ್ಲ ಕೂರಿಸ್ಕೊಂಡು ಲೆಕ್ಕ ತೋರ್ಸಿ ವಾರಕ್ಕೆ ನಾಲ್ಕು ದಿನ ಕೆಲ್ಸ, ಯಾರನ್ನೂ ತೆಗೆಯಲ್ಲ ಅಂತ ಒಪ್ಪಿಸಿ ನಡಿಸ್ತಿದೀನಿ. ಅದೂ ಆಗದೇ ಇದ್ರೆ ಏನ್ ಮಾಡೋದು, 50 ಜನಕ್ಕಿಂತ ಕಮ್ಮಿ ಇರೋರಿಗೆ ಪರಿಹಾರ ಇಲ್ಲ ಅಂತ ನಮ್ಮ ಆಡಿಟರ್ ಹೇಳಿದ್ರು.

ಮೇಟಗಳ್ಳಿ ಹಳಬ:
ಸ್ವಾಮಿ, ನೀವು ಮಾಡ್ತಿರೋದು ಒಳ್ಳೇ ಕೆಲ್ಸ, ಬೈಯೋದ್ಯಾಕೆ. ಆದ್ರೆ ಆಡಿಟರ್ ಮಾತು ಅರ್ಧ ಮಾತ್ರ ಸರಿ. ಕೆಲ್ಸ ಇಲ್ಲ ಅಂತ ಸ್ವಲ್ಪ ದಿನ ಮನೇಲಿರಿ, ಹೆಸ್ರು ಮಸ್ಟರ್ ರೋಲಲ್ಲೇ ಇರತ್ತೆ ಅಂತ ಹೇಳಿದ್ರೆ ಅದು ಲೇಆಫ್, ಅದಕ್ಕೆ ಬೇಸಿಕ್ ಡಿಎ ಅರ್ಧ ಕೊಡ್ಬೇಕು, ಆ ನಿಯಮ 50ಕ್ಕಿಂತ ಕಮ್ಮಿ ಜನ ಇರೋ ಕಡೆ ಬರಲ್ಲ. ಪೂರ್ತಿ ತೆಗೆದಾಗ ಕೊಡೋ 15 ದಿನದ ಪರಿಹಾರಕ್ಕೆ ಆ 50ರ ಲೆಕ್ಕ ಇಲ್ಲ, ನಿಮ್ಮ ಇಪ್ಪತ್ತೆರಡು ಜನಕ್ಕೂ ಬರತ್ತೆ. ಹತ್ತು ಜನ ಇದ್ರೆ ಗ್ರಾಚ್ಯುಟಿನೂ ಬರತ್ತೆ. ವಾರಕ್ಕೆ ನಾಲ್ಕು ದಿನ ಅಂತ ಒಪ್ಪಿರೋದನ್ನ ಬಾಯಲ್ಲಿ ಬಿಡ್ಬೇಡಿ, ಎಷ್ಟು ತಿಂಗಳು, ಎಷ್ಟು ಸಂಬಳ, ಪಿಎಫ್ ಹೆಂಗೆ ಅಂತ ಬರ್ದು ಎರಡೂ ಕಡೆ ಸೈನ್ ಮಾಡಿ ಇಡಿ, ನಿಮ್ಗೂ ನೆಮ್ಮದಿ ಹುಡುಗ್ರಿಗೂ ನೆಮ್ಮದಿ.

ಹೆಬ್ಬಾಳ ವರ್ಕ್‌ಶಾಪ್:
ಆಯ್ತು ಸಾರ್, ಬರ್ದು ಇಡ್ತೀನಿ. ಆಡಿಟರ್‌ನೂ ಮತ್ತೆ ಕೇಳ್ತೀನಿ. ಹೂಟಗಳ್ಳಿಯವ್ರೇ, ನಿಮ್ಗೆ ಸೆಟ್ಟಿಂಗ್ ಬರತ್ತಾ? ಬರೀ ಆಪರೇಟರ್ ಅಂದ್ರೆ ಈಗ ಕಷ್ಟ, ಡ್ರಾಯಿಂಗ್ ಓದಿ ಆಫ್‌ಸೆಟ್ ಕೊಟ್ಟು ಸೆಟ್ ಮಾಡೋರು ಇಂಥ ಟೈಮಲ್ಲೂ ಬೇಕೇ ಬೇಕು. ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮಷಿನ್) ಕೂಡ ಗೊತ್ತಿದ್ರೆ ಇನ್ನೂ ಒಳ್ಳೇದು. ನಮ್ಮಂಥ ಸಣ್ಣವ್ರು ಪೋರ್ಟಲಲ್ಲೆಲ್ಲ ಹಾಕಲ್ಲ, ಗೇಟಿಗೆ ಬೋರ್ಡ್ ಹಾಕ್ತೀವಿ ಇಲ್ಲಾ ಇರೋ ಹುಡುಗರಿಗೇ ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ ಅಂತೀವಿ. ಬೆಳಿಗ್ಗೆ ಒಂದು ರೌಂಡು ಹೆಬ್ಬಾಳ, ಬೆಳವಾಡಿ, ಕೂರ್ಗಳ್ಳಿ ಗೇಟ್‌ಗಳನ್ನ ನೋಡ್ಕೊಂಡು ಬನ್ನಿ. ರೆಸ್ಯೂಮಲ್ಲಿ ಯಾವ ಕಂಟ್ರೋಲರ್ ಮೇಲೆ ಕೆಲ್ಸ ಮಾಡಿದೀರಿ, ಯಾವ ಮೆಟೀರಿಯಲ್, ಎಷ್ಟು ಟಾಲರೆನ್ಸ್ ಹಿಡಿದಿದೀರಿ ಅಂತ ಬರೀರಿ. ಹಾರ್ಡ್ ವರ್ಕಿಂಗ್, ಸಿನ್ಸಿಯರ್ ಅಂತ ಬರ್ದಿರೋದನ್ನ ನಾವು ಯಾರೂ ಓದಲ್ಲ.

ಹೂಟಗಳ್ಳಿ ಶಿಫ್ಟ್:
ಸೆಟ್ಟಿಂಗ್ ಬರತ್ತೆ ಸಾರ್, ಎರಡು ವರ್ಷದಿಂದ ಮಾಡ್ತಿದೀನಿ, ಕಾರ್ಡಲ್ಲಿ ಮಾತ್ರ ಆಪರೇಟರ್ ಅಂತಾನೇ ಇದೆ. ವಿಎಂಸಿ ಅಷ್ಟು ಗೊತ್ತಿಲ್ಲ.

ಹೆಬ್ಬಾಳ ವರ್ಕ್‌ಶಾಪ್:
ಹಾಗಿದ್ರೆ ಅದನ್ನೇ ಮೇಲೆ ಬರೀರಿ. ವಿಎಂಸಿಗೆ ಸರ್ಕಾರದ ಟೂಲ್ ರೂಮ್ ಟ್ರೈನಿಂಗ್ ಸೆಂಟರ್ ಜಿಟಿಟಿಸಿಲಿ ಶಾರ್ಟ್ ಟರ್ಮ್ ಕೋರ್ಸ್ ಕೇಳಿ, ಮೈಸೂರಲ್ಲೇ ಸೆಂಟರ್ ಇದೆ.

ಮಂಡ್ಯ ಪಾಸ್:
ಕೆಲ್ಸ ಹುಡ್ಕೋದ್ರ ಬಗ್ಗೆ ನಾನೂ ಒಂದೆರಡು ಮಾತು ಯೋಳ್ತೀನಿ. ನಾನು ಮಂಡ್ಯದಿಂದ ದಿನಾ ಬೆಂಗ್ಳೂರ್ಗೆ ರೈಲಲ್ಲಿ ಓಡಾಡೋನು, ಹಿಂದಿನ ಕಂಪನಿ ಜನ ಕಮ್ಮಿ ಮಾಡ್ದಾಗ ನಂದೂ ಹೋಯ್ತು. ಆಗ ನಂಗೆ ಕೆಲ್ಸ ಕೊಡ್ಸಿದ್ದು ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ದಿನಾ ಎದುರುಗಡೆ ಕೂರ್ತಿದ್ದ ಒಬ್ರು, ಬಿಡದಿಲಿ ಇಳೀತಿದ್ರು, ಅವ್ರ ಕಂಪನಿಲಿ ಸ್ಟೋರ್ಸ್‌ಗೆ ಜನ ಬೇಕು ಅಂತ ಅವ್ರೇ ನನ್ನ ಹೆಸ್ರು ಕೊಟ್ರು. ಕೆಲ್ಸ ಹೋಯ್ತು ಅಂತ ನಾಚ್ಕೊಂಡು ಮುಚ್ಚಿಡ್ತಾರೆ ನಮ್ಮೋರು, ಊರಲ್ಲಿ ಗೊತ್ತಾದ್ರೆ ಏನಂದ್ಕೊಂಡಾರೋ ಅಂತ ಬೆಳಿಗ್ಗೆ ಬ್ಯಾಗ್ ಹಾಕ್ಕಂಡು ಹೊರ್ಟು ಪಾರ್ಕಲ್ಲಿ ಕೂತು ಬರೋರನ್ನ ನೋಡಿವ್ನಿ. ಹಂಗ್ ಮಾಡ್‌ಬ್ಯಾಡಿ. ಹಳೇ ಸೂಪರ್‌ವೈಸರ್, ಐಟಿಐ ಕ್ಲಾಸ್‌ಮೇಟು, ಮೆಟೀರಿಯಲ್ ತರ್ತಿದ್ದ ಡ್ರೈವರು, ಎಲ್ರಿಗೂ ಫೋನ್ ಮಾಡಿ ಇಂಥ ಕೆಲ್ಸ ಬತ್ತದೆ, ಇಂಥ ಕಡೆ ಬರಕ್ಕೆ ರೆಡಿ ಇವ್ನಿ ಅಂತ ಬಾಯ್ಬಿಟ್ಟು ಯೋಳಿ.

ಇನ್ನೊಂದು, ಇಂಟರ್‌ವ್ಯೂನಲ್ಲಿ ಯಾಕೆ ಬಿಟ್ರಿ ಅಂದ್ರೆ ಹಳೇ ಕಂಪನಿ ಬೈಬ್ಯಾಡಿ. ಆರ್ಡರ್ ಕಮ್ಮಿ ಆಯ್ತು, ಇಷ್ಟು ಜನನ್ನ ತೆಗೆದ್ರು, ಅದ್ರಲ್ಲಿ ನಾನೂ ಒಬ್ಬ ಅಂತ ಒಂದೇ ಮಾತಲ್ಲಿ ಮುಗ್ಸಿ. ಎಷ್ಟಾದ್ರೂ ಕೊಡಿ ಸಾರ್ ಅಂತ ಮಾತ್ರ ಅನ್‌ಬ್ಯಾಡಿ, ಹಂಗಂದ್ರೆ ಅಷ್ಟಕ್ಕೇ ಇಡ್ತಾರೆ. ಬೆಂಗ್ಳೂರಲ್ಲಿ ಸಂಬಳ ಐದು ಸಾವ್ರ ಜಾಸ್ತಿ ಅಂತ ಓಡೋಕ್ ಮುಂಚೆ ಪಾಸು, ಊಟ, ದಿನಕ್ಕೆ ಐದಾರು ಗಂಟೆ ಓಡಾಟ ಲೆಕ್ಕ ಹಾಕಿ. ತೂಬಿನಕೆರೆ, ಗೆಜ್ಜಲಗೆರೆ, ಸೋಮನಹಳ್ಳಿ ಕಡೆನೂ ಇಂಡಸ್ಟ್ರಿ ಅವೆ, ಮೈಸೂರಿನೋರು ಆ ಕಡೆ ನೋಡೋದೇ ಕಮ್ಮಿ.

ಡಿಪ್ಲೊಮಾ 25:
ಅಣ್ಣ ಅಕ್ಕಂದಿರೆ, ನಾನು 2025ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗ್ಸಿದೆ. ಅನುಭವ ಇರೋರನ್ನೇ ತೆಗೀತಿರೋವಾಗ ನಮ್ಮನ್ನ ಯಾರು ಕೇಳ್ತಾರೆ. ಒಂದು ಕನ್ಸಲ್ಟೆನ್ಸಿಯವ್ರು ಫೋನ್ ಮಾಡಿ ದೊಡ್ಡ ಕಂಪನಿ ಹೆಸ್ರು ಹೇಳಿ ಆಫರ್ ಲೆಟರ್ ವಾಟ್ಸಾಪಲ್ಲಿ ಕಳ್ಸಿದಾರೆ, ಟ್ರೈನಿಂಗ್ ಕಿಟ್‌ಗೆ 8,500 ಕಟ್ಬೇಕಂತೆ, ಸೇರಿದ್ಮೇಲೆ ವಾಪಸ್ ಅಂತೆ. ಅಪ್ಪ ಕೊಡ್ತೀನಿ ಅಂತಿದಾರೆ.

ಎಚ್‌ಆರ್ ಅಕ್ಕ:
ಕಟ್ಬೇಡ ಪುಟ್ಟ. ಕೆಲ್ಸ ಕೊಡೋ ಯಾವ ಕಂಪನಿನೂ ಕಿಟ್‌ಗೆ, ಲ್ಯಾಪ್‌ಟಾಪ್‌ಗೆ, ವೆರಿಫಿಕೇಷನ್‌ಗೆ ಅಂತ ನಿನ್ನ ಹತ್ರ ದುಡ್ಡು ಕೇಳಲ್ಲ. ಆ ದೊಡ್ಡ ಕಂಪನಿ ವೆಬ್‌ಸೈಟಿಗೆ ನೀನೇ ಹೋಗಿ ಅಲ್ಲಿರೋ ಮೇಲ್‌ಗೆ ಆ ಲೆಟರ್ ಕಳ್ಸಿ ಇದು ನಿಮ್ಮದಾ ಅಂತ ಕೇಳು. ದುಡ್ಡು ಹೋಗಿದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡ್ಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ, ಬೇಗ ಮಾಡಿದಷ್ಟು ದುಡ್ಡನ್ನ ಬ್ಯಾಂಕಲ್ಲೇ ತಡೆಯೋ ಅವಕಾಶ ಜಾಸ್ತಿ. ಥೈಲ್ಯಾಂಡ್, ಕಾಂಬೋಡಿಯಾದಲ್ಲಿ ಡೇಟಾ ಎಂಟ್ರಿ ಕೆಲ್ಸ, ಟೂರಿಸ್ಟ್ ವೀಸಾದಲ್ಲೇ ಬನ್ನಿ ಅಂತಾನೂ ಮೆಸೇಜ್ ಬರತ್ತೆ. ಹಾಗೆ ಹೋದ ಎಷ್ಟೋ ಭಾರತೀಯ ಹುಡುಗರನ್ನ ಕಾಂಬೋಡಿಯಾ, ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ ಆನ್‌ಲೈನ್ ಮೋಸದ ಕೆಲ್ಸಕ್ಕೆ ಹಚ್ಚಿದ್ದು ಪೇಪರಲ್ಲೆಲ್ಲ ಬಂದಿದೆ. ಸರ್ಕಾರದ ಇ-ಮೈಗ್ರೇಟ್ ಪೋರ್ಟಲಲ್ಲಿ ಏಜೆಂಟ್ ಹೆಸ್ರು ಇಲ್ಲ ಅಂದ್ರೆ ಆ ಮಾತೇ ಮುಂದುವರ್ಸ್ಬೇಡ.

ನಿಂಗೆ ಈಗ ಒಳ್ಳೇ ದಾರಿ ಅಪ್ರೆಂಟಿಸ್‌ಶಿಪ್. ಸಂಬಳ ಅಲ್ಲ ಸ್ಟೈಪೆಂಡ್ ಬರತ್ತೆ, ಆದ್ರೆ ಒಂದು ವರ್ಷ ಮುಗಿದ್ರೆ ನೀನು ಬರೀ ಫ್ರೆಶರ್ ಅಲ್ಲ. ಡಿಪ್ಲೊಮಾದೋರಿಗೆ ಕೇಂದ್ರದ ನ್ಯಾಟ್ಸ್ ಪೋರ್ಟಲ್ ಇದೆ, ರಾಜ್ಯದ ಸ್ಕಿಲ್ ಕನೆಕ್ಟ್‌ನಲ್ಲೂ ಹೆಸ್ರು ಹಾಕು. ನಿನ್ನ ಐಟಿಐ ಫ್ರೆಂಡ್ಸ್ ಇದ್ರೆ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ಗೆ ನೈಋತ್ಯ ರೈಲ್ವೆ ಅಪ್ರೆಂಟಿಸ್ ಕರೆಯೋದನ್ನ ನೋಡ್ತಾ ಇರಕ್ಕೆ ಹೇಳು. ಪಾಸಾಗಿ 180 ದಿನ ಆಗಿ ಇನ್ನೂ ಕೆಲ್ಸ ಇಲ್ಲ ಅಂದ್ರೆ ಯುವನಿಧಿಗೆ ಸೇವಾ ಸಿಂಧುಲಿ ಅರ್ಜಿ ಹಾಕು, ಡಿಪ್ಲೊಮಾದೋರಿಗೆ ತಿಂಗಳಿಗೆ 1,500, ಎರಡು ವರ್ಷದ ತನಕ. ಬಸ್ ಚಾರ್ಜಿಗೆ ಅಪ್ಪನ ಕೇಳೋದು ತಪ್ಪತ್ತೆ.

ಕೆಲ್ಸ ಸಿಕ್ಕಾಗ ಲೆಟರಲ್ಲಿ ಫಿಕ್ಸೆಡ್ ಟರ್ಮ್ ಅಂತ ಇದೆಯಾ ನೋಡು. ಈಗ ಹಾಗೆ ಕೊಡೋರು ಜಾಸ್ತಿ. ಹೊಸ ಕೋಡ್ ಪ್ರಕಾರ ಅವ್ರಿಗೆ ಪರ್ಮನೆಂಟ್‌ನೋರಷ್ಟೇ ಸೌಲಭ್ಯ ಕೊಡ್ಬೇಕು, ಒಂದು ವರ್ಷ ಆದ್ರೆ ಗ್ರಾಚ್ಯುಟಿನೂ ಬರತ್ತೆ. ಆದ್ರೆ ಅವಧಿ ಮುಗ್ದು ಮನೆಗೆ ಕಳಿಸಿದ್ರೆ ಅದಕ್ಕೆ ರಿಟ್ರೆಂಚ್‌ಮೆಂಟ್ ಪರಿಹಾರ ಇಲ್ಲ. ಬಾಂಡ್, ಅಂದ್ರೆ ಇಷ್ಟು ವರ್ಷದೊಳ್ಗೆ ಬಿಟ್ರೆ ಇಷ್ಟು ದುಡ್ಡು ಕಟ್ತೀನಿ ಅನ್ನೋ ಕರಾರು, ಇದ್ರೂ ಪೂರ್ತಿ ಓದಿ ಸೈನ್ ಹಾಕು. ಬಾಂಡ್‌ಗೆಲ್ಲ ಬೆಲೆನೇ ಇಲ್ಲ ಅಂತ ಹೇಳೋರ ಮಾತು ನಂಬ್ಬೇಡ, ವಿಜಯಾ ಬ್ಯಾಂಕ್ ಕೇಸಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎರಡು ಲಕ್ಷದ ಬಾಂಡ್ ಎತ್ತಿಹಿಡಿದಿದೆ.

ಡಿಪ್ಲೊಮಾ 25:
ಅಪ್ಪಂಗೆ ಇದನ್ನೇ ಓದಿ ಹೇಳ್ದೆ ಅಕ್ಕ. ದುಡ್ಡು ಕಟ್ಟಲ್ಲ. ಆ ಕನ್ಸಲ್ಟೆನ್ಸಿ ನಂಬರ್‌ಗೆ ಕಂಪನಿ ಮೇಲ್ ಐಡಿಯಿಂದ ಲೆಟರ್ ಕಳ್ಸಿ ಅಂದ್ರೆ ಬ್ಲಾಕ್ ಮಾಡಿದ್ರು.

ಹೂಟಗಳ್ಳಿ ಶಿಫ್ಟ್:
ಎಚ್‌ಆರ್ ರೂಮಿಗೆ ಹೋಗಿ ಬಂದೆ. ಹಳಬರು ಹೇಳಿದ ಹಾಗೆ ಕಾಪಿ ಕೊಡಿ ಓದಿ ಹೇಳ್ತೀನಿ ಅಂದೆ. ಮೊದ್ಲು ಜೋರು ಮಾಡಿದ್ರು, ನಾನು ಸುಮ್ನೆ ಕೂತೆ, ಆಮೇಲೆ ಆಯ್ತು ಹೋಗಿ ಅಂದ್ರು. ಆಚೆ ಬಂದು ಮೇಲ್ ಹಾಕ್ದೆ. ನಮ್ಮ ಲೈನಿನೋರು ಹನ್ನೊಂದು ಜನ ಒಟ್ಟಾಗಿದೀವಿ, ಈಗ ಎಲ್ಲಿಗೆ ಹೋಗ್ಬೇಕು? ಅಮ್ಮನ ಔಷಧಿ ಇಎಸ್‌ಐಲೇ ತಗೊಳೋದು, ಕೆಲ್ಸ ಹೋದ್ರೆ ಅದೂ ನಿಲ್ಲತ್ತಾ?

ಮೇಟಗಳ್ಳಿ ಹಳಬ:
ಒಟ್ಟಾಗಿದ್ದೀರಲ್ಲ, ಅದೇ ದೊಡ್ಡದು. ಹನ್ನೊಂದು ಜನ ಸೇರಿ ಒಂದೇ ಅರ್ಜಿ ಬರ್ದು ಕಾರ್ಮಿಕ ಇಲಾಖೆಗೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ. ಅಲ್ಲಿ ರಾಜಿ ಮಾತುಕತೆಗೆ ಎರಡೂ ಕಡೆಯೋರನ್ನ ಕರೀತಾರೆ. 45 ದಿನದಲ್ಲಿ ಬಗೆಹರೀಲಿಲ್ಲ ಅಂದ್ರೆ ನೇರವಾಗಿ ಟ್ರಿಬ್ಯೂನಲ್ಲಿಗೆ ಹೋಗ್ಬಹುದು, ಆದ್ರೆ ಕೆಲ್ಸದಿಂದ ತೆಗೆದು ಎರಡು ವರ್ಷದ ಒಳಗೆ ಹೋಗ್ಬೇಕು. ಮೊದ್ಲು ಮೂರು ವರ್ಷ ಇತ್ತು, ಹಳೇ ಲೆಕ್ಕ ನಂಬ್ಕೊಂಡು ಕೂರ್ಬೇಡಿ. ವಕೀಲರ ಫೀಸಿಗೆ ಹೆದರ್ಬೇಡಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಲಿ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದೋರಿಗೆ ವಕೀಲರನ್ನ ಉಚಿತವಾಗಿ ಕೊಡ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

ಇಎಸ್‌ಐ ತಕ್ಷಣ ನಿಲ್ಲಲ್ಲ. ನೀನು ಕಟ್ಟಿರೋ ಅವಧಿಗೆ ತಕ್ಕ ಹಾಗೆ ಬೆನಿಫಿಟ್ ಅವಧಿ ಇರತ್ತೆ, ಅಲ್ಲೀತನಕ ಕೆಆರ್‌ಎಸ್ ರೋಡ್ ಇಎಸ್‌ಐ ಆಸ್ಪತ್ರೆಲಿ ಅಮ್ಮಂಗೆ ತೋರಿಸ್ಬಹುದು. ಅದ್ರ ಜೊತೆ 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇದೆ, ಕೆಲ್ಸ ಕಳ್ಕೊಂಡೋರಿಗೆ ಸರಾಸರಿ ದಿನಗೂಲಿಯ ಅರ್ಧ, 90 ದಿನದ ತನಕ, ಜೀವನದಲ್ಲಿ ಒಂದೇ ಸಲ. ಅದನ್ನ ಅವಧಿ ಮುಗಿದಾಗೆಲ್ಲ ಮುಂದುವರಿಸ್ತಾ ಬಂದಿದಾರೆ, ಇಎಸ್‌ಐ ಬ್ರಾಂಚ್ ಆಫೀಸಲ್ಲಿ ಅರ್ಜಿ ಕೇಳು. ದುರ್ನಡತೆಗೆ ತೆಗೆದಿದ್ರೆ, ಸ್ವಯಂ ನಿವೃತ್ತಿ ಆಗಿದ್ರೆ ಕೊಡಲ್ಲ. ರಿಸೈನ್ ಲೆಟರ್ ಬರ್ಕೊಟ್ಟಿದ್ರೆ ಅಲ್ಲೂ ಒದ್ದಾಡ್ಬೇಕಾಗ್ತಿತ್ತು.

ಎಚ್‌ಆರ್ ಅಕ್ಕ:
ಪಿಎಫ್ ಬಗ್ಗೆ ನಾನು ಸೇರಿಸ್ತೀನಿ. ಉಮಂಗ್ ಆ್ಯಪಲ್ಲಿ ಪಾಸ್‌ಬುಕ್ ತೆಗ್ದು ತಿಂಗಳು ತಿಂಗಳು ದುಡ್ಡು ಬಿದ್ದಿದೆಯಾ ನೋಡಿ. ಕಷ್ಟದಲ್ಲಿರೋ ಕಂಪನಿಗಳು ನಮ್ಮ ಸಂಬಳದಲ್ಲಿ ಹಿಡ್ದು ಕಟ್ಟದೇ ಇರೋದು ಉಂಟು, ಹಾಗಾಗಿದ್ರೆ ಗಾಯತ್ರಿಪುರಂ ಪಿಎಫ್ ಆಫೀಸಿಗೆ ಪೇಸ್ಲಿಪ್ ಸಮೇತ ದೂರು ಕೊಡಿ, ಆನ್‌ಲೈನಲ್ಲೂ ಕೊಡ್ಬಹುದು. ಕಂಪನಿ ನಿಮ್ಮ ಎಕ್ಸಿಟ್ ಡೇಟ್ ಹಾಕ್ದೆ ಸತಾಯಿಸಿದ್ರೆ ಕೊನೇ ಕಂತು ಬಿದ್ದ ಎರಡು ತಿಂಗಳ ಮೇಲೆ ನೀವೇ ಹಾಕ್ಕೊಬಹುದು. ಆದ್ರೆ ಕೆಲ್ಸ ಹೋದ ತಕ್ಷಣ ಪೂರ್ತಿ ತೆಗೆದು ಲೋನಿಗೆ ಸುರೀಬೇಡಿ. ಪೆನ್ಷನ್‌ಗೆ ಹತ್ತು ವರ್ಷದ ಸರ್ವೀಸ್ ಬೇಕು, ನಿಮ್ದು ಎಂಟಾಗಿದೆ, ಹೊಸ ಕಂಪನಿಗೆ ಅದೇ ಯುಎಎನ್ (ಪಿಎಫ್ ಖಾತೆ ನಂಬರ್) ಕೊಟ್ಟು ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರೆ ಇನ್ನೆರಡೇ ವರ್ಷ. ಲೋನ್ ಕಂತು ತಪ್ಪೋಕ್ ಮುಂಚೆನೇ ಬ್ಯಾಂಕ್ ಮ್ಯಾನೇಜರ್ ಹತ್ರ ಹೋಗಿ ಅವಧಿ ಉದ್ದ ಮಾಡಿ ಕಂತು ಇಳಿಸಕ್ಕೆ ಕೇಳಿ, ಎರಡು ಕಂತು ತಪ್ಪಿದ ಮೇಲೆ ಹೋದ್ರೆ ಅವ್ರ ಮಾತಿನ ಧಾಟಿನೇ ಬೇರೆ ಇರತ್ತೆ. ಮತ್ತೆ ಫೈನಲ್ ಸೆಟಲ್‌ಮೆಂಟ್ ವಿಷ್ಯ: ಹೊಸ ವೇತನ ಸಂಹಿತೆ ಪ್ರಕಾರ ತೆಗೆದ್ರೂ ಅಷ್ಟೇ ರಿಸೈನ್ ಮಾಡಿದ್ರೂ ಅಷ್ಟೇ, ಬಾಕಿ ಸಂಬಳ ಎರಡು ಕೆಲ್ಸದ ದಿನದಲ್ಲಿ ಕೊಡ್ಬೇಕು, ಗ್ರಾಚ್ಯುಟಿಗೆ 30 ದಿನ. ತಡ ಆದ್ರೆ ಗ್ರಾಚ್ಯುಟಿ ಮೇಲೆ ಬಡ್ಡಿ ಕೇಳಿ.

ತಾಂಡ್ಯ ಗೇಟ್:
ಇಲ್ಲಿ ಎಲ್ಲಾ ಪರ್ಮನೆಂಟ್‌ನೋರ ಮಾತೇ ಆಯ್ತು ಸಾರ್. ನಾನು ನಂಜನಗೂಡು ತಾಂಡ್ಯದಲ್ಲಿ ಕಾಂಟ್ರಾಕ್ಟ್ ಲೇಬರ್, ಪ್ಯಾಕಿಂಗ್. ನಾಲ್ಕು ವರ್ಷ ಒಂದೇ ಕಂಪನಿಲಿ, ಕಾಂಟ್ರಾಕ್ಟರ್ ಮಾತ್ರ ಮೂರು ಜನ ಬದಲಾದ್ರು. ಈಗ ನಾಳೆಯಿಂದ ಬರ್ಬೇಡಿ ಅಂದ್ರು, ಹೋದ ತಿಂಗಳ ಸಂಬಳನೂ ಕೊಟ್ಟಿಲ್ಲ. ಕಂಪನಿಯೋರ್ನ ಕೇಳಿದ್ರೆ ಕಾಂಟ್ರಾಕ್ಟರ್‌ನ ಕೇಳಿ ಅಂತಾರೆ, ಅವ್ನು ಫೋನೇ ಎತ್ತಲ್ಲ. ನಮ್ಗೆ ಲೆಟರು ಗಿಟರು ಏನೂ ಕೊಟ್ಟಿಲ್ಲ, ನಮ್ಗೂ ಏನಾದ್ರೂ ಇದೆಯಾ?

ಮೇಟಗಳ್ಳಿ ಹಳಬ:
ಇದೆಯಪ್ಪ, ಖಂಡಿತ ಇದೆ, ನಿಮ್ಮ ಪ್ರಶ್ನೆನೇ ಮೊದ್ಲು ಬರ್ಬೇಕಿತ್ತು. ಕಾಂಟ್ರಾಕ್ಟರ್ ಸಂಬಳ ಕೊಡ್ಲಿಲ್ಲ ಅಂದ್ರೆ ಮುಖ್ಯ ಕಂಪನಿನೇ ಕೊಡ್ಬೇಕು, 1970ರ ಕಾಂಟ್ರಾಕ್ಟ್ ಲೇಬರ್ ಕಾಯ್ದೆಲೂ ಹಾಗೇ ಇತ್ತು ಹೊಸ ಕೋಡಲ್ಲೂ ಹಾಗೇ ಇದೆ. ಕಾಂಟ್ರಾಕ್ಟರ್‌ನ ಕೇಳಿ ಅಂತ ಗೇಟಿಂದ ಓಡ್ಸಕ್ಕೆ ಆಗಲ್ಲ. ನೇಮಕಾತಿ ಪತ್ರ ಕೊಡೋದು ಈಗ ಕಡ್ಡಾಯ, ಕೊಟ್ಟಿಲ್ಲ ಅನ್ನೋದು ಅವ್ರ ತಪ್ಪು, ನಿಮ್ದಲ್ಲ.

ನೀವು ಅಲ್ಲಿ ಕೆಲ್ಸ ಮಾಡಿದ್ದಕ್ಕೆ ಸಾಕ್ಷಿ ಒಟ್ಟು ಮಾಡಿ. ಗೇಟ್ ಪಾಸ್ ಫೋಟೋ, ಸಂಬಳ ಬಿದ್ದಿರೋ ಬ್ಯಾಂಕ್ ಸ್ಟೇಟ್‌ಮೆಂಟು, ಪಿಎಫ್ ಪಾಸ್‌ಬುಕ್, ಅದರಲ್ಲಿ ಮೂರೂ ಕಾಂಟ್ರಾಕ್ಟರ್ ಹೆಸ್ರು ಕಾಣತ್ತೆ, ಇಎಸ್‌ಐ ಕಾರ್ಡು, ಶಿಫ್ಟ್ ಹಾಕ್ತಿದ್ದ ವಾಟ್ಸಾಪ್ ಗ್ರೂಪಿನ ಸ್ಕ್ರೀನ್‌ಶಾಟ್. ಆ ಗ್ರೂಪಿಂದ ನಿಮ್ಮನ್ನ ತೆಗೆಯೋಕ್ ಮುಂಚೆ ಇವತ್ತು ರಾತ್ರಿನೇ ತೆಗ್ದಿಟ್ಕೊಳಿ. ಜೊತೆಗಿದ್ದೋರ ಹೆಸ್ರು ನಂಬರ್ ಬರ್ಕೊಳಿ. ಅರ್ಜಿಲಿ ಕಾಂಟ್ರಾಕ್ಟರ್‌ನ ಹೆಸ್ರು ಒಂದೇ ಹಾಕ್ಬೇಡಿ, ಕಂಪನಿ ಹೆಸ್ರೂ ಹಾಕ್ಲೇಬೇಕು. ಕಾರ್ಮಿಕ ಇಲಾಖೆ ಸಹಾಯವಾಣಿ 155214, ಅಲ್ಲಿ ಕೇಳಿ ನಂಜನಗೂಡಿಗೆ ಯಾವ ಲೇಬರ್ ಇನ್ಸ್‌ಪೆಕ್ಟರ್ ಅಂತ ತಿಳ್ಕೊಂಡು ಹೋಗಿ. ಅರ್ಜಿ ಬರೆಯಕ್ಕೆ ಕಷ್ಟ ಆದ್ರೆ ಇಲ್ಲೇ ವಿವರ ಹಾಕಿ, ಹೆಸ್ರು ಬೇಡ, ತಾರೀಕು ಸಂಬಳ ಸಾಕು, ಒಕ್ಕಣೆ ನಾನು ಬರ್ದು ಕೊಡ್ತೀನಿ.

ತಾಂಡ್ಯ ಗೇಟ್:
ಗೇಟ್ ಪಾಸ್ ಅವ್ರು ಕಿತ್ಕೊಂಡ್ರು ಸಾರ್. ಹಳೇದ್ರ ಫೋಟೋ ನನ್ನ ಹೆಂಡ್ತಿ ಮೊಬೈಲಲ್ಲಿದೆ. ಪಿಎಫ್ ನಂಬರ್ ಇದೆ, ಪಾಸ್‌ಬುಕ್ ತೆಗೆಯಕ್ಕೆ ಬರಲ್ಲ.

ಕುವೆಂಪುನಗರ ಟೆಸ್ಟರ್:
ಅಣ್ಣ, ಪಾಸ್‌ಬುಕ್ ನಾನು ತೆಗೆದು ಕೊಡ್ತೀನಿ, ಫೋನಲ್ಲೇ ಹೇಳ್ತೀನಿ ನೀವೇ ಒತ್ತಿ, ಓಟಿಪಿ ಮಾತ್ರ ನಂಗೂ ಹೇಳ್ಬೇಡಿ ಯಾರಿಗೂ ಹೇಳ್ಬೇಡಿ. ಆಧಾರ್‌ಗೆ ಕೊಟ್ಟಿರೋ ಮೊಬೈಲ್ ನಂಬರ್ ಈಗ್ಲೂ ನಿಮ್ಮ ಹತ್ರಾನೇ ಇದೆಯಾ ನೋಡ್ಕೊಳಿ, ಅದೇ ಬೇಕು. ಭಾನುವಾರ ಬೆಳಿಗ್ಗೆ ನಾನು ಫ್ರೀ.